ಗಾಲ್ಫ್ ಚೆಂಡು: ದುಬಾರಿಯದ್ದೇ ಬೇಕಾ?

ದೇರೆಬೈಲಿನಿಂದ ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಹೊರಟಿದ್ದೀರಾ? ಟಿವಿಯಲ್ಲಿ ಕಂಡ ದುಬಾರಿ ಚೆಂಡು ಕೊಳ್ಳುವ ಮುನ್ನ ಇದನ್ನು ಕೇಳಿ.

ನಿಯಮದ ಪ್ರಕಾರ ಯಾವ ಚೆಂಡೂ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಮುಖ್ಯ ವ್ಯತ್ಯಾಸ ಇರುವುದು ಪದರಗಳಲ್ಲಿ.

ಎರಡು ಪದರದ್ದು: ಒಳಗೆ ರಬ್ಬರ್, ಮೇಲೆ ಗಟ್ಟಿ ಅಯೊನೊಮರ್ ಹೊದಿಕೆ. ಸ್ಪಿನ್ ಕಡಿಮೆ, ಬಾಳಿಕೆ ಜಾಸ್ತಿ, ಬೆಲೆಯೂ ಕೈಗೆಟಕುತ್ತದೆ. ಹೊಸಬರಿಗೆ ಇದೇ ಸಾಕು.

ಹೆಚ್ಚು ಪದರದ ದುಬಾರಿಯದ್ದು: ಯುರೆಥೇನ್ ಹೊದಿಕೆ ಇರುವುದರಿಂದ ಗ್ರೀನ್ ಮೇಲೆ ಬೇಗ ನಿಲ್ಲುತ್ತದೆ. ಆದರೆ ರೌಂಡಿಗೆ ಮೂರ್ನಾಲ್ಕು ಪೊದೆ ಸೇರಿದರೆ ಜೇಬಿಗೆ ಕತ್ತರಿ!

ಮಳೆಗಾಲದ ಮಬ್ಬಿಗೆ ಹಳದಿ ಬಣ್ಣದ್ದು ನೋಡಿ.

ಎರಡೂ ಬಗೆಯ ಒಂದೊಂದು ತಗೊಂಡು ಗ್ರೀನ್ ಸುತ್ತ ಚಿಪ್, ಪಟ್ ಹೊಡೆದು ನೋಡಿ. ಕೈಗೆ ಒಗ್ಗಿದ್ದನ್ನು ಆರಿಸಿ, ಆಮೇಲೆ ಪ್ರತಿ ರೌಂಡಿಗೂ ಅದೇ ಮಾಡೆಲ್ ಇರಲಿ.