ಫ್ರೆಂಚ್ ಮೇಷ್ಟ್ರಾಗುವ ದಾರಿ

ಮೈಸೂರು–ಚಾಮರಾಜನಗರ ರೈಲು ನಂಜನಗೂಡು ದಾಟಿದ ಮೇಲೆ ಕವಲಂದೆಯಲ್ಲಿ ನಿಲ್ಲುತ್ತದೆ. ಕವಲಂದೆ ಹೋಬಳಿಯಿಂದಲೂ ಪಕ್ಕದ ತಿ. ನರಸೀಪುರದ ಕಡೆಯಿಂದಲೂ ಮೈಸೂರಿಗೆ ಓದಲು ಹೋಗುವ ಮಕ್ಕಳಲ್ಲಿ ಕನ್ನಡದ, ಇತಿಹಾಸದ, ಗಣಿತದ ಲೆಕ್ಚರರ್ ಆಗಬೇಕೆಂದುಕೊಂಡವರು ಬೇಕಾದಷ್ಟು ಮಂದಿ. ಫ್ರೆಂಚ್ ಪಾಠ ಹೇಳಬೇಕೆಂದು ಹೊರಟವರು ಮಾತ್ರ ತೀರಾ ಅಪರೂಪ. ಆ ಕೆಲಸ ಎಂಥದು, ಅದಕ್ಕೆ ಏನು ಓದಬೇಕು ಎಂದು ಹೇಳುವವರೇ ಹಳ್ಳಿಗಳಲ್ಲಿ ಸಿಗುವುದಿಲ್ಲ.

ಹಾಗೆಂದು ಫ್ರೆಂಚರು ಈ ಸೀಮೆಗೆ ಹೊಸಬರಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಸೈನಿಕರಿದ್ದರು. ಇಂದಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿದಿತ್ತು. 1799ರ ನಂತರ ಈ ಭಾಗದಲ್ಲಿ ನೆಲೆಸಿದ ಪಾದ್ರಿ ಅಬ್ಬೆ ದುಬುವಾ ಇಲ್ಲಿನ ಜನರ ಆಚಾರ ವಿಚಾರಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ದಶಕಗಳ ಮೊದಲೇ ಫ್ರೆಂಚ್ ಪಾದ್ರಿಗಳು ಬೆಂಗಳೂರಿನಲ್ಲಿ ಕನ್ನಡ–ಲ್ಯಾಟಿನ್ ನಿಘಂಟನ್ನು ಅಚ್ಚು ಹಾಕಿಸಿದ್ದರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಕಟ್ಟಿದವರೂ ಪ್ಯಾರಿಸ್ಸಿನ ಮಿಷನ್ನಿನವರೇ.

ಈ ಕಡೆಯಿಂದ ಆ ಕಡೆಗೆ ಹೋದವರಲ್ಲಿ ಮೊದಲು ನೆನಪಾಗುವವರು ಇಂಗ್ಲಿಷ್ ಕಾದಂಬರಿಕಾರ ರಾಜಾರಾವ್. 1908ರಲ್ಲಿ ಹಾಸನದಲ್ಲಿ ಹುಟ್ಟಿದ ಅವರು 1929ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಫ್ರೆಂಚ್ ಕಲಿಸುತ್ತಿದ್ದ ಕಮೀಯ್ ಮೂಲಿ ಅವರನ್ನು 1931ರಲ್ಲಿ ಮದುವೆಯಾದರು. ಆದರೆ ಮುಂದೆ ಅಮೆರಿಕದ ಟೆಕ್ಸಸ್‌ನಲ್ಲಿ ರಾಜಾರಾವ್ ಪಾಠ ಹೇಳಿದ್ದು ಭಾರತೀಯ ತತ್ತ್ವಶಾಸ್ತ್ರವನ್ನು.

ನನಗೆ ಇದಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುವುದು ಹಾವೇರಿ ಮೂಲದ ವಸುಂಧರಾ ಫಿಲಿಯೋಜಾ ಅವರ ಬದುಕು. ಕನ್ನಡದ ಶಾಸನಗಳನ್ನು ಓದಬಲ್ಲ ಹೆಣ್ಣುಮಗಳು ಪ್ಯಾರಿಸ್ಸಿಗೆ ಹೋಗಿ, ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳ ಮೇಲೆ ಫ್ರೆಂಚಿನಲ್ಲೇ ಪುಸ್ತಕ ಬರೆದರು. 1973ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಹಂಪಿಯ ವಿಠಲ ದೇವಾಲಯ, ಹಾವೇರಿ ಜಿಲ್ಲೆಯ ಚೌಡದಾನಪುರದ ಮುಕ್ತೇಶ್ವರ ದೇವಾಲಯ ಎಂದು ಅವರ ಕೆಲಸ ಮತ್ತೆ ಮತ್ತೆ ನಮ್ಮ ಕಲ್ಲುಗಳ ಕಡೆಗೇ ತಿರುಗಿತು. ಪತಿ ಪಿಯೆರ್ ಸಿಲ್ವೆಂ ಫಿಲಿಯೋಜಾ ಪ್ಯಾರಿಸ್ಸಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದವರು; 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಫ್ರೆಂಚ್ ಕಲಿಯುವುದಕ್ಕೆ ಕನ್ನಡವನ್ನು ಬಿಟ್ಟುಕೊಡಬೇಕಿಲ್ಲ ಎಂದು ತೋರಿಸಲು ಈ ಒಂದು ಮನೆಯೇ ಸಾಕು.

ಇಂದು ನಮ್ಮ ರಾಜ್ಯದಲ್ಲಿ ಫ್ರೆಂಚ್ ಕಲಿಸುವ ಬಹುಪಾಲು ಜನರ ದಿನಚರಿಯೇ ಬೇರೆ. ಪಿಯುಸಿಯಲ್ಲೂ ಡಿಗ್ರಿಯಲ್ಲೂ ಫ್ರೆಂಚನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು. ನಂಬರು ಚೆನ್ನಾಗಿ ಬೀಳುತ್ತದೆಂದು ತೆಗೆದುಕೊಳ್ಳುವವರೇ ಹೆಚ್ಚು. ಹಾಗಾಗಿ ಎಂ.ಎ.ಯಲ್ಲಿ ಪ್ರೂಸ್ತ್, ಕಾಮು ಅವರಂಥ ಲೇಖಕರನ್ನು ಓದಿ ಬಂದವರು ವರ್ಷವರ್ಷವೂ ಅಕ್ಷರಮಾಲೆಯಿಂದಲೇ ಶುರು ಮಾಡುತ್ತಾರೆ. ಎಂ.ಎ. ಆದ ಮೇಲೆ ಯುಜಿಸಿಯ ನೆಟ್ ಪರೀಕ್ಷೆ ಅಥವಾ ಪಿಎಚ್.ಡಿ.; ಜೊತೆಗೆ ಫ್ರಾನ್ಸ್ ಸರ್ಕಾರ ಕೊಡುವ ಡೆಲ್ಫ್, ಡಾಲ್ಫ್ ಪ್ರಮಾಣಪತ್ರಗಳಿದ್ದರೆ ಬೆಲೆ ಹೆಚ್ಚು. ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಪುದುಚೇರಿ ವಿಶ್ವವಿದ್ಯಾಲಯ ಇವರ ದೊಡ್ಡ ಗರಡಿಮನೆಗಳು. ಕಾಯಂ ಹುದ್ದೆಗಳು ಕಡಿಮೆ. ಅತಿಥಿ ಉಪನ್ಯಾಸಕರಾಗಿ ಎರಡು ಮೂರು ಕಾಲೇಜು ಸುತ್ತುತ್ತಾ, ಸಂಜೆ ಟ್ಯೂಷನ್ ಹೇಳುತ್ತಾ ವರ್ಷಗಳನ್ನು ಕಳೆಯುವವರಿದ್ದಾರೆ. ಒಳ್ಳೆಯ ಸಂಬಳ ಸಿಕ್ಕರೆ ಬೆಂಗಳೂರಿನ ಕಂಪನಿಗಳಿಗೆ ಹೋಗಿಬಿಡುತ್ತಾರೆ, ಅವರನ್ನು ದೂರುವಂತಿಲ್ಲ.

ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಫ್ರೆಂಚ್ ಒಲಿಯದು ಎಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತೇವೆ ಎಂದು ಆಡುವವನಿಗೆ ತಕ್ಕಂತೆ ಕ್ರಿಯಾಪದದ ಬಾಲ ಬದಲಾಗುವುದು ಕನ್ನಡದ ಮಗುವಿಗೆ ಹುಟ್ಟಿನಿಂದಲೇ ಗೊತ್ತು. ಫ್ರೆಂಚಿನಲ್ಲೂ ಅದೇ ನಡೆ. ಗೆಳೆಯನಿಗೆ ‘ತು’, ಹಿರಿಯರಿಗೂ ಹಲವರಿಗೂ ‘ವು’ ಎಂದರೆ ನಮ್ಮ ನೀನು, ನೀವು ಇದ್ದ ಹಾಗೆಯೇ. ಇಂಗ್ಲಿಷಿನ ಮೂಲಕ ಪಾಠ ಹೇಳಿದಾಗ ಈ ಎರಡನ್ನೂ ಹೊಸ ಸಂಗತಿಗಳೆಂಬಂತೆ ವಿವರಿಸಬೇಕಾಗುತ್ತದೆ. ತೊಡಕಿರುವುದು ಬೇರೆ ಕಡೆ. ನಮಗೆ ಮೇಜೂ ಪುಸ್ತಕವೂ ‘ಅದು’. ಅವರಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದನ್ನು ಬಾಯಿಪಾಠವೇ ಮಾಡಬೇಕು. ಒಂದು ಸ್ವರಕ್ಕಂತೂ ‘ಊ’ ಎನ್ನುವಂತೆ ತುಟಿಯನ್ನು ದುಂಡಗೆ ಮಾಡಿ ‘ಈ’ ಎನ್ನಬೇಕು. ಎಷ್ಟೋ ಮಕ್ಕಳು ಕನ್ನಡಿ ಹಿಡಿದು ಅಭ್ಯಾಸ ಮಾಡಬೇಕಾಗುತ್ತದೆ.

ಕನ್ನಡದಿಂದ ನೇರವಾಗಿ ಫ್ರೆಂಚ್ ಕಲಿಸುವ ಒಳ್ಳೆಯ ಪಠ್ಯ, ಅದನ್ನು ಹಿಡಿದು ಪಾಠ ಹೇಳಬಲ್ಲ ಮೇಷ್ಟ್ರು, ಎರಡೂ ನಮಗೆ ಬೇಕಾಗಿವೆ. ಆ ಮೇಷ್ಟ್ರು ಕವಲಂದೆಯ ಸರ್ಕಾರಿ ಶಾಲೆಯಲ್ಲಿ ಓದಿದವರಾದರೆ ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ. ಪಿಯುಸಿ ಮುಗಿಸಿದವರೂ ಡೆಲ್ಫ್‌ನ ಮೊದಲ ಹಂತವಾದ ಎ1ರಿಂದ ಹೊರಡಬಹುದು. ಅಲ್ಲಿಂದ ಅದರ ಮೇಲಿನ ಹಂತವಾದ ಬಿ2 ತಲುಪಲು ಎರಡು ಮೂರು ವರ್ಷದ ಬಿಡದ ಓದು ಬೇಕಾದೀತು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಎ1 ತರಗತಿಗೆ ಸೇರಲು ಫ್ರೆಂಚಿನ ಒಂದಕ್ಷರವೂ ಬರಬೇಕಿಲ್ಲ.