ಸೆಲ್ಲು ಮುಗಿದಿರಬೇಕು: ಊಹೆಯ ವ್ಯಾಕರಣ ಮತ್ತು ನನ್ನ ಕೆಂಪು ಗೆರೆ

ಅಭ್ಯಾಸ ಬೋಧನೆಯ ಎರಡನೇ ವಾರ ನನ್ನ ಪಾಲಿಗೆ ಎಂಟನೇ ತರಗತಿಯ ‘ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮಗಳು’ ಪಾಠ ಬಂದಿತ್ತು. ಲೋಟದಲ್ಲಿ ನಿಂಬೆರಸ, ಅದರೊಳಗೆ ಎರಡು ತಂತಿ, ಸೆಲ್ಲುಗಳು, ಟಾರ್ಚಿನ ಬಲ್ಬು. ಬಲ್ಬು ಬೆಳಗಲಿಲ್ಲ. ಗಮನಿಸಿದ್ದನ್ನು ಬರೆಯಿರಿ ಎಂದೆ. ಬಹಳಷ್ಟು ಮಕ್ಕಳು ‘ನಿಂಬೆರಸದಲ್ಲಿ ವಿದ್ಯುತ್ ಹರಿಯುವುದಿಲ್ಲ’ ಎಂದು ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ‘ಬಲ್ಬು ಬೆಳಗಲಿಲ್ಲ. ಸೆಲ್ಲು ಮುಗಿದಿರಬೇಕು, ಇಲ್ಲಾಂದ್ರೆ ಕರೆಂಟು ಕಮ್ಮಿ ಹರಿದಿರಬಹುದು’ ಎಂದು ಬರೆದಿದ್ದ. ಅವನ ಎರಡನೇ ವಾಕ್ಯಕ್ಕೆ ಕೆಂಪು ಗೆರೆ ಎಳೆದು ‘ಊಹೆ ಬೇಡ, ಖಚಿತವಾಗಿ ಬರೆ’ ಎಂದು ಪಕ್ಕದಲ್ಲಿ ಬರೆದೆ. ಉಳಿದವರಿಗೆಲ್ಲ ರೈಟ್ ಹಾಕಿದೆ.

ಮರುದಿನ ಅದೇ ನಿಂಬೆರಸಕ್ಕೆ ಬಲ್ಬಿನ ಬದಲು ಎಲ್‌ಇಡಿ ಜೋಡಿಸಿದಾಗ ಅದು ಬೆಳಗಿತು. ನಿಂಬೆರಸದಲ್ಲಿ ವಿದ್ಯುತ್ ಹರಿಯುತ್ತದೆ. ಆದರೆ ಬಲ್ಬಿನ ತಂತಿಯನ್ನು ಕಾಯಿಸಿ ಬೆಳಗಿಸುವಷ್ಟು ಹರಿಯುವುದಿಲ್ಲ, ಎಲ್‌ಇಡಿಗೆ ಅಷ್ಟು ಸಾಕು. ಅಂದರೆ ನಾನು ರೈಟ್ ಹಾಕಿದ್ದೆಲ್ಲ ತಪ್ಪು, ಗೆರೆ ಎಳೆದದ್ದು ಸರಿ. ಎಲ್‌ಇಡಿ ಚಟುವಟಿಕೆಯನ್ನು ಪಾಠ ಯೋಜನೆಯಲ್ಲಿ ಬರೆದವಳು ನಾನೇ. ವಿಜ್ಞಾನ ಗೊತ್ತಿತ್ತು, ಹುಡುಗನ ಕ್ರಿಯಾಪದವನ್ನು ಓದಲಿಲ್ಲ.

ಆ ಸಂಜೆ ಇನ್ನೊಂದೆರಡು ಎಲ್‌ಇಡಿ ತರಲು ತಂಗಿಯ ಜೊತೆ ಗಾಂಧಿ ಬಜಾರಿಗೆ ಹೋಗಿದ್ದೆ. ಅವಳಿಗೆ ಕೊರಿಯನ್ ಧಾರಾವಾಹಿಗಳ ಹುಚ್ಚು, ಈಗ ಭಾಷೆಯನ್ನೂ ಕಲಿಯುತ್ತಿದ್ದಾಳೆ. ಗಾಡಿಯವರು ಮೆಣಸಿನಕಾಯಿ ಬೋಂಡಾ ಎಣ್ಣೆಯಿಂದ ತೆಗೆಯುತ್ತಿದ್ದಂತೆ ‘ಮಶಿತ್ಕೆತ್ತಾ!’ ಎಂದಳು. ನಾನು ಒಂದು ಕಚ್ಚಿ ಅದನ್ನೇ ಹೇಳಿದೆ. ನಕ್ಕುಬಿಟ್ಟಳು. “ಅಕ್ಕಾ, ತಿಂದ್ಮೇಲೆ ಹಾಗನ್ನಂಗಿಲ್ಲ. ಬಾಯಲ್ಲೇ ಇದೆ, ಇನ್ನೇನು ಊಹೆ? ‘ಮಶಿತ್ತಾ’ ಅನ್ಬೇಕು.”

ಎರಡಕ್ಕೂ ವ್ಯತ್ಯಾಸ ನಡುವಿನ ‘ಕೆತ್’ ಮಾತ್ರ. ‘ಮಶಿತ್ತಾ’ ಎಂದರೆ ರುಚಿಯಾಗಿದೆ, ತಿಂದು ನೋಡಿದ್ದೇನೆ. ‘ಮಶಿತ್ಕೆತ್ತಾ’ ಎಂದರೆ ರುಚಿಯಾಗಿರಬೇಕು, ನೋಡಿ ಹೇಳುತ್ತಿದ್ದೇನೆ. ನಾನು ಪ್ರಯೋಗದ ಪುಸ್ತಕದಲ್ಲಿ ಹುಡುಕಬೇಕಿದ್ದ ಗೆರೆ ಇದೇ.

ಮನೆಗೆ ಬಂದು ಅವಳ ನೋಟ್‌ಬುಕ್ ಕೇಳಿದೆ. ಕೊರಿಯನ್ನಿನಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಒಂದರ ಹಿಂದೆ ಒಂದು ಅಂಟುತ್ತವೆ. ಹಾಗಾಗಿ ಊಹೆಯ ರೂಪಗಳು ಇಂಗ್ಲಿಷ್ ಮೂಲಕ ಕಲಿಯುವವರಿಗಿಂತ ನಮಗೆ ಬೇಗ ದಕ್ಕುತ್ತವೆ. ‘ಪಿಗಾ ಓಲ್ ಕೊತ್ ಕತಾಯೊ’ ಎಂಬುದನ್ನು ಬಿಡಿಸಿದರೆ ಮಳೆ, ಬರುವ, ಅದು, ಹಾಗಿದೆ. ನಮ್ಮ ‘ಮಳೆ ಬರೋ ಹಾಗಿದೆ’ಯೇ. ‘ಓಲ್’ ತೆಗೆದು ‘ಓನ್’ ಹಾಕಿದರೆ ‘ಮಳೆ ಬಂದ ಹಾಗಿದೆ’, ‘ಓನುನ್’ ಹಾಕಿದರೆ ‘ಬರ್ತಿರೋ ಹಾಗಿದೆ’. ನಾವು ‘ಬರುವ, ಬಂದ’ ಎಂಬ ಕೃದಂತಗಳನ್ನು ಬದಲಿಸುವ ಜಾಗದಲ್ಲೇ ಅವರೂ ಬದಲಿಸುತ್ತಾರೆ.

ಇನ್ನೊಂದು ರೂಪ ‘ಪಿಗಾ ಓನಾ ಬ್ವಾಯೊ’. ಇದರ ಬಾಲದಲ್ಲಿರುವುದು ನೋಡು ಎಂಬ ಧಾತು. ಕನ್ನಡದಲ್ಲಿ ‘ಮಳೆ ಬರ್ತಿದೆ ಅಂತ ಕಾಣುತ್ತೆ’ ಎನ್ನುವಾಗ ನಾವು ಹಿಡಿಯುವುದೂ ಕಣ್ಣನ್ನೇ. ಒಳಗೆ ಕುಳಿತವರು ಬಾಗಿಲಲ್ಲಿ ಒದ್ದೆ ಕೊಡೆ ಕಂಡು ಹೇಳುವ ಮಾತು ಇದು. ಕಿಟಕಿಯಲ್ಲಿ ನಿಂತು ಮಳೆಯನ್ನೇ ನೋಡುತ್ತಿರುವವರು ಹೀಗೆನ್ನುವುದಿಲ್ಲ. ಸುಳಿವು ಕಂಡಿದೆ, ವಿಷಯ ಕಂಡಿಲ್ಲ: ವಿಜ್ಞಾನದಲ್ಲಿ ಅನುಮಾನ ಎಂದು ಕರೆಯುವುದು ಇದನ್ನೇ.

ಇಷ್ಟಾದ ಮೇಲೆ ಕನ್ನಡದ ಕಡೆ ತಿರುಗಿದರೆ ನಮ್ಮ ಚೀಲ ಇನ್ನೂ ತುಂಬಿದೆ. ಶಾಲಾ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಉರು ಹೊಡೆಸುವುದು ‘ಬಂದಾನು, ಬಂದಾಳು, ಬಂದೀತು’ ಮಾತ್ರ. ಆದರೆ ಮಕ್ಕಳ ಬಾಯಲ್ಲಿ ಈ ರೂಪ ಬರುವುದು ಹೆಚ್ಚಾಗಿ ಎಚ್ಚರಿಸುವಾಗ: ‘ಹುಷಾರು, ಬಲ್ಬು ಒಡೆದೀತು’. ಊಹಿಸುವಾಗ ಅವರು ಬಳಸುವುದು ಬೇರೆ. ‘ಬಂದಿರಬಹುದು’ ಬರೀ ಸಾಧ್ಯತೆ. ‘ಬಂದಿರಬೇಕು’ ಎನ್ನಲು ಕಾರಣ ಬೇಕು. ‘ಬಂದ್ನೋ ಏನೋ’ ಎಂದರೆ ನನ್ನ ಕೇಳಬೇಡಿ. ‘ಬಂದ್ನಂತೆ’ ಊಹೆಯೇ ಅಲ್ಲ, ಬೇರೆಯವರ ಮಾತು. ಪ್ರಯೋಗ ಮಾಡದೆ ಪಕ್ಕದವನ ಪುಸ್ತಕ ನೋಡಿ ಬರೆದವರು ಪ್ರಾಮಾಣಿಕರಾದರೆ ‘ಬಲ್ಬು ಬೆಳಗಲಿಲ್ಲವಂತೆ’ ಎಂದು ಬರೆಯಬೇಕು.

‘ಬೇಕು’ ಸ್ವಲ್ಪ ತೊಡಕಿನದು. ‘ಅವನು ಮನೆಯಲ್ಲಿರಬೇಕು’ ಎಂದರೆ ಇರಲೇಬೇಕೆಂಬ ಕಟ್ಟಳೆಯೂ ಹೌದು, ಇದ್ದಾನೆಂಬ ಊಹೆಯೂ ಹೌದು. ‘ಮುಗಿದಿರಬೇಕು’ ಎಂದಾಗ ಈ ಗೊಂದಲ ಅಷ್ಟಿಲ್ಲ. ಸೆಲ್ಲಿಗೆ ಮುಗಿಯಬೇಕೆಂದು ಯಾರೂ ಅಪ್ಪಣೆ ಕೊಡುವುದಿಲ್ಲ. ಹುಡುಗನ ವಾಕ್ಯವನ್ನು ಈಗ ಓದಿದರೆ, ಮೊದಲು ಕಂಡದ್ದನ್ನು ‘ಬೆಳಗಲಿಲ್ಲ’ ಎಂದು ಮುಗಿಸಿದ್ದಾನೆ, ಆಮೇಲೆ ಹೆಚ್ಚು ನಂಬಿದ ಕಾರಣಕ್ಕೆ ‘ಬೇಕು’, ಕಡಿಮೆ ನಂಬಿದ್ದಕ್ಕೆ ‘ಬಹುದು’ ಹಚ್ಚಿದ್ದಾನೆ. ಪ್ರಯೋಗದ ವರದಿಯಲ್ಲಿ ಇದಕ್ಕಿಂತ ಹೆಚ್ಚು ಏನು ಕೇಳುತ್ತೇವೆ?

ಹಾಗೆಂದು ಊಹೆಯ ಗುರುತು ಎಲ್ಲೆಲ್ಲೂ ಒಳ್ಳೆಯದೇನಲ್ಲ. ತಮಗೇ ಗೊತ್ತಿರುವ ರುಚಿಗೂ ಇಷ್ಟಕ್ಕೂ ‘ಕೊತ್ ಕತಾಯೊ’ ಸೇರಿಸುವುದನ್ನು ಕೊರಿಯಾದಲ್ಲೂ ಆಕ್ಷೇಪಿಸುವವರಿದ್ದಾರೆ. ನಮ್ಮ ‘ಅನ್ಸುತ್ತೆ’ ಇದರ ಒಡಹುಟ್ಟು. ನನ್ನ ಪಾಠದ ಧ್ವನಿಮುದ್ರಣ ಕೇಳಿದರೆ ‘ನಿಮಗೆ ಅರ್ಥ ಆಯ್ತು ಅನ್ಸುತ್ತೆ’ ಎಂದು ಹಲವು ಸಲ ಹೇಳಿದ್ದೇನೆ. ಅದು ಊಹೆಯಲ್ಲ, ಪ್ರಶ್ನೆ ಕೇಳುವುದನ್ನು ತಪ್ಪಿಸಿಕೊಳ್ಳುವ ದಾರಿ.

ಮುಂದಿನ ತರಗತಿಯಲ್ಲಿ ಮೊದಲು ಆ ಹುಡುಗನ ಪುಸ್ತಕ ಕೇಳಿ ಪಡೆದು, ನನ್ನ ಗೆರೆಯ ಮೇಲೆ ‘ಇದು ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಅವನು ಅದನ್ನು ಪಕ್ಕದವನಿಗೆ ತೋರಿಸುತ್ತ ಕುಳಿತ. ಮಾರ್ಗದರ್ಶಕ ಶಿಕ್ಷಕರು ಹಿಂದೆ ಕೂತಿದ್ದರು, ಏನೂ ಅನ್ನಲಿಲ್ಲ. ಕಪ್ಪುಹಲಗೆಯಲ್ಲಿ ‘ಕಂಡದ್ದು’, ‘ಊಹಿಸಿದ್ದು’ ಎಂದು ಎರಡು ಅಂಕಣ ಹಾಕಿ, ಎರಡನೆಯದರ ಕೆಳಗೆ ಬಹುದು, ಬೇಕು, ಹಾಗಿದೆ, ಕಾಣುತ್ತೆ ಎಂದು ಬರೆದೆ. ಊಹೆಯ ವಾಕ್ಯ ಇವುಗಳಲ್ಲಿ ಒಂದರಿಂದ ಮುಗಿಯಬೇಕು ಎಂಬುದು ಷರತ್ತು. ಈ ಸಲ ಲೋಟದಲ್ಲಿದ್ದದ್ದು ಬಟ್ಟಿ ಇಳಿಸಿದ ನೀರು. ಎಲ್‌ಇಡಿಯೂ ಬೆಳಗಲಿಲ್ಲ.

ಕೆಲವರು ಆಗಲೇ ‘ಹರಿಯುವುದಿಲ್ಲ’ ಎಂದು ಶುರು ಮಾಡಿ, ಹಲಗೆ ನೋಡಿ, ಅಳಿಸಿದರು. ಹಿಂದಿನ ಬೆಂಚಿನಿಂದ ಅವನು ಎದ್ದು ನಿಂತ. “ಮೇಡಂ, ಇಲ್ಲ ಅಂತ ಊಹೆ ಮಾಡೋಕೆ ಅಲ್ಲಿ ಯಾವ್ದೂ ಇಲ್ವಲ್ಲ. ನಾನು ‘ಕರೆಂಟು ಹರಿದಿರಲಿಕ್ಕಿಲ್ಲ’ ಅಂತ ಬರ್ದಿದೀನಿ.”

‘ಇರಲಿಕ್ಕಿಲ್ಲ’ ನಿಜಕ್ಕೂ ನನ್ನ ಪಟ್ಟಿಯಲ್ಲಿರಲಿಲ್ಲ. ಅಂಕಣದ ಕೊನೆಯಲ್ಲಿ ಜಾಗ ಮಾಡಿ ಅದನ್ನೂ ಬರೆದೆ.