ಗೋಂಗ್ಜಿನ್‌ನಲ್ಲಿ ಡಾಕ್ಟರಮ್ಮ, ಸಂತೆಬಾಚಹಳ್ಳಿಯಲ್ಲಿ ಸೊಸೆ

ಕೊರಿಯಾ ಸೀರಿಯಲ್ ಅಂದ್ರೆ ಬೆಂಗಳೂರಿನ ಪಿಜಿ ಹುಡುಗಿಯರ ಹುಚ್ಚು ಅಂತ ಇನ್ನೂ ತಿಳ್ಕೊಂಡಿರೋರು ಇದ್ದಾರೆ. ಅಂಥವರು ಸಂತೆಬಾಚಹಳ್ಳಿ ಕಡೆಯಿಂದ ಕೆ.ಆರ್. ಪೇಟೆಗೆ ಹೋಗೋ ಬೆಳಗಿನ ಬಸ್ ಹತ್ತಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಬಸ್ ತುಂಬಾ ಕಾಲೇಜು ಹುಡುಗಿಯರೇ. ಮೂರು ಮೊಬೈಲಲ್ಲಿ ಒಂದರಲ್ಲಾದ್ರೂ ಕೊರಿಯಾದ ಯಾವನೋ ಒಬ್ಬ ಮಳೆಯಲ್ಲಿ ಛತ್ರಿ ಹಿಡಿದು ನಿಂತಿರ್ತಾನೆ. ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು, ಅರ್ಧ ಅರ್ಥ ಮಾಡ್ಕೊಂಡು, ಇನ್ನರ್ಧ ಮುಖ ನೋಡಿ ಊಹಿಸ್ಕೊಂಡು ನೋಡ್ತಾರೆ. ‘ಅದೇನವ್ವ ಅಂಥದ್ದು ಅದರಲ್ಲಿ?’ ಅಂತ ಕೇಳಿದ್ರೆ ನಗ್ತಾರೆ, ಹೇಳೋದಿಲ್ಲ. ಹೇಳಲಿಲ್ಲ ಅಂತ ನಾನು ಬಿಡೋದುಂಟಾ? ನಾನೇ ಕೂತು ನೋಡಿದೆ.

ನೋಡಿದ್ದು ‘ಹೋಮ್‌ಟೌನ್ ಚಾ-ಚಾ-ಚಾ’. 2021ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬಂದ ಸೀರಿಯಲ್ಲು, ಹದಿನಾರೇ ಕಂತು. ನಮ್ಮಲ್ಲಿ ಹದಿನಾರು ಕಂತಿಗೆ ಅತ್ತೆ ಅಡುಗೆಮನೆಯಿಂದ ಹಾಲ್‌ಗೆ ಬಂದಿರೋದಿಲ್ಲ, ಅದಿರ್ಲಿ. ಕಥೆ ಸಣ್ಣದು. ಸೋಲ್ ಪಟ್ಟಣದ ಹಲ್ಲಿನ ಡಾಕ್ಟರಮ್ಮ ಹೇ-ಜಿನ್, ಮೇಲಿನವರ ಜೊತೆ ಜಗಳ ಮಾಡ್ಕೊಂಡು ಕೆಲಸ ಬಿಟ್ಟು, ಗೋಂಗ್ಜಿನ್ ಅನ್ನೋ ಕಡಲತಡಿಯ ಹಳ್ಳಿಗೆ ಬಂದು ಕ್ಲಿನಿಕ್ ಹಾಕ್ತಾಳೆ. ಗೋಂಗ್ಜಿನ್ ಕಲ್ಪನೆಯ ಊರು, ಚಿತ್ರೀಕರಣ ಆಗಿದ್ದು ಪೋಹಾಂಗ್ ಕಡೆ. ಆ ಊರಲ್ಲಿ ದು-ಶಿಕ್ ಅಂತ ಒಬ್ಬ. ಊರವರೆಲ್ಲ ಅವನನ್ನ ‘ಹೋಂಗ್ ಬಾಂಜಾಂಗ್’ ಅಂತಾರೆ, ನಮ್ಮ ಲೆಕ್ಕದಲ್ಲಿ ಓಣಿಯ ಮುಖಂಡ. ಇಂಜಿನಿಯರಿಂಗ್ ಓದಿದೋನು, ಆದ್ರೆ ನೌಕರಿ ಇಲ್ಲ. ನಲ್ಲಿ ರಿಪೇರಿ, ಮನೆ ತೋರಿಸೋದು, ಕಾಫಿ ಮಾಡೋದು, ಮೀನು ಇಳಿಸೋದು, ಯಾವುದಕ್ಕೆ ಕರೆದ್ರೂ ಬರ್ತಾನೆ. ತಗೊಳ್ಳೋದು ಗಂಟೆಗೆ 8,720 ವಾನ್, ಅಂದ್ರೆ ಸುಮಾರು 550 ರೂಪಾಯಿ. ಅದು ಆ ವರ್ಷ ಕೊರಿಯಾ ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ಕೂಲಿ. ಒಂದು ಪೈಸೆ ಹೆಚ್ಚಿಲ್ಲ.

ಇವರಿಬ್ಬರ ಪ್ರೀತಿಯೇ ಕಥೆ. ಕೊಲೆ ಇಲ್ಲ, ವಿಷ ಹಾಕೋ ನಾದಿನಿ ಇಲ್ಲ.

ಮಂಡ್ಯ ಜಿಲ್ಲೆಯವರಿಗೆ ಇದು ಯಾಕೆ ಹತ್ತಿರ ಆಗುತ್ತೆ ಅನ್ನೋದಕ್ಕೆ ಮೊದಲನೇ ಕಾರಣ ಮಾತು. ಕೊರಿಯಾದ ಭಾಷೆಯಲ್ಲಿ ಅಪ್ಪನಿಗೆ ‘ಅಪ್ಪ’ ಅಂತಲೇ ಕರೀತಾರೆ, ಅಮ್ಮನಿಗೆ ‘ಅಮ್ಮ’ಕ್ಕೆ ಬಲು ಹತ್ತಿರದ ‘ಒಮ್ಮ’. ಸಂಬಂಧ ಇಲ್ಲದ ಮುದುಕಿಯನ್ನೂ ಅಜ್ಜಿ ಅಂತಾರೆ. ಚಪ್ಪಲಿ ಹೊರಗೆ ಬಿಡ್ತಾರೆ, ನೆಲದ ಮೇಲೆ ಕೂತು ಉಣ್ತಾರೆ. ಎಲ್ಲಕ್ಕಿಂತ ಮಜಾ ಅಂದ್ರೆ ನೀನು-ನೀವು. ಕೊರಿಯನ್ನರು ಇದರಲ್ಲಿ ನಮಗಿಂತ ಕಟ್ಟುನಿಟ್ಟು, ಕ್ರಿಯಾಪದದ ಕೊನೆಯಲ್ಲೇ ಮರ್ಯಾದೆ ಇಡಬೇಕು. ಆದ್ರೆ ಈ ದು-ಶಿಕ್ ದೊಡ್ಡವರು ಚಿಕ್ಕವರು ಅಂತ ನೋಡದೆ ಎಲ್ಲರಿಗೂ ಏಕವಚನ. ಎಂಬತ್ತರ ಅಜ್ಜಿಗೂ ‘ಉಂಡೇನವ್ವ?’ ಅನ್ನೋ ಧಾಟಿ. ಡಾಕ್ಟರಮ್ಮನಿಗೆ ಮೊದಲನೇ ದಿನವೇ ಉರಿದು ಹೋಗುತ್ತೆ, ಇವನ್ಯಾರು ನನ್ನ ನೀನು ಅನ್ನೋಕೆ ಅಂತ. ಇಂಗ್ಲಿಷ್ ಸಬ್‌ಟೈಟಲಲ್ಲಿ ಈ ರುಚಿ ಪೂರ್ತಿ ಸಿಗೋದಿಲ್ಲ, ಅಲ್ಲಿ ಎಲ್ಲರಿಗೂ ಒಂದೇ ‘ಯು’. ‘ಬಾರ್ಲಾ’, ‘ಹೋಗ್ಲಾ’ ಕೇಳಿ ಬೆಳೆದೋರಿಗೆ ಮಾತ್ರ ಅದು ಸದರ ಅಲ್ಲ, ಸಲುಗೆ ಅಂತ ಗೊತ್ತಾಗುತ್ತೆ.

ಎರಡನೇ ಕಂತಿನಲ್ಲಿ ಒಂದು ದೃಶ್ಯ ಇದೆ. ಊರ ಸಮುದಾಯ ಭವನದಲ್ಲಿ ಹೇ-ಜಿನ್ ಫೋನಲ್ಲಿ ಊರವರನ್ನ ಆಡ್ಕೋತಾಳೆ: ಹಳ್ಳಿಯವರು ಹಂಗೆ, ಹಿಂಗೆ, ತಲೆ ತಿಂತಾರೆ. ಪಕ್ಕದಲ್ಲಿ ಮೈಕ್ ಆನ್ ಆಗಿದೆ! ಊರ ಕಂಬಕಂಬದ ಲೌಡ್‌ಸ್ಪೀಕರಲ್ಲಿ ಎಲ್ಲ ಬಿತ್ತರ. ಮಾರನೇ ದಿನದಿಂದ ಕ್ಲಿನಿಕ್ಕಿಗೆ ಒಂದು ನೊಣ ಬರಲ್ಲ. ಗ್ರಾಮ ಪಂಚಾಯ್ತಿ ಮೈಕು, ದೇವಸ್ಥಾನದ ಮೈಕು ಕಂಡ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗಮ್-ರಿ ಅನ್ನೋ ಅಜ್ಜಿ ಇನ್ನೊಬ್ಬಳು: ಹಲ್ಲು ನೋವು, ಅಗಿಯೋಕಾಗಲ್ಲ, ಆದರೂ ದುಬಾರಿ ಹಲ್ಲು ಹಾಕಿಸ್ಕೊಳ್ಳೋದು ಬೇಡ ಅಂತಾಳೆ, ಮಗನಿಗೆ ಖರ್ಚು ಅಂತ. ನಮ್ಮ ಅಜ್ಜಿಯರ ಬಾಯಲ್ಲಿ ಈ ಮಾತು ಕೇಳದೇ ಇರೋ ಮನೆ ಯಾವುದು ಹೇಳಿ.

ಹಾಗಂತ ತಿಳಿಹಾಸ್ಯದ ಹಳ್ಳಿ ಪ್ರೇಮ ನಮಗೆ ಕೊರಿಯಾದಿಂದ ಬಂದ ಆಮದು ಮಾಲೇನಲ್ಲ. ಸಂತೆಬಾಚಹಳ್ಳಿ ಇರೋ ಕೆ.ಆರ್. ಪೇಟೆ ತಾಲ್ಲೂಕಲ್ಲೇ ಕಿಕ್ಕೇರಿ ಇದೆ, 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. 1942ರಲ್ಲಿ ಬಂದ ‘ಮೈಸೂರ ಮಲ್ಲಿಗೆ’ಯಲ್ಲಿ ಇರೋದು ಗಂಡ-ಹೆಂಡತಿಯ ಹುಸಿಮುನಿಸು, ಮಾವನ ಮನೆ, ತವರಿನ ನೆನಪು. ಎಲ್ಲ ಬಿಟ್ಟು ಊರಿಗೆ ದುಡಿಯೋ ಗಂಡಸಿನ ಕಥೆಗೆ 1972ರ ‘ಬಂಗಾರದ ಮನುಷ್ಯ’ ಇದೆ. ದು-ಶಿಕ್‌ನ ನೋಡಿದಾಗೆಲ್ಲ ನನಗೆ ರಾಜೀವನೇ ನೆನಪಾದ. ಆಮೇಲೆ ನಮ್ಮ ಟಿವಿ ಏನು ಮಾಡ್ತು? ಪ್ಯಾಟೆ ಹುಡುಗಿಯರನ್ನ ಹಳ್ಳಿಗೆ ಕರ್ಕೊಂಡು ಹೋಗಿ ಸಗಣಿ ಬಾಚಿಸಿ, ಅವರು ಅಳೋದನ್ನ ತೋರಿಸ್ತು. ನಾನೂ ಟಿವಿಯವನೇ, ಟಿಆರ್‌ಪಿ ಏನು ಅಂತ ಗೊತ್ತು. ಆದ್ರೆ ಹಳ್ಳಿಯಲ್ಲಿ ಹೆಣ್ಣೊಬ್ಬಳು ಖುಷಿಯಾಗಿ ಬದುಕಬಹುದು ಅಂತ ಹೇಳೋ ಕಥೆಯ ಜಾಗ ಖಾಲಿ ಬಿತ್ತು, ಆ ಜಾಗಕ್ಕೆ ಕೊರಿಯಾದವರು ಬಂದು ಕೂತರು.

ಈಗ ನಗು ಸಾಕು. ಈ ಸೀಮೆಯ ಹಳ್ಳಿಗಳಲ್ಲಿ ಪ್ರೇಮ ಅನ್ನೋದು ಇವತ್ತು ಹಗುರ ವಿಷಯ ಆಗಿ ಉಳಿದಿಲ್ಲ. 2022ರ ನವೆಂಬರಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ಆಯ್ತು. ಬಂದ ಗಂಡುಗಳು ಹತ್ತು ಸಾವಿರಕ್ಕೂ ಮೇಲೆ, ಹೆಣ್ಣುಗಳು ಕೆಲವೇ ನೂರು. ಮೂರು ತಿಂಗಳಾಗಿತ್ತು, 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ದೇಶವೆಲ್ಲ ನಕ್ಕಿತು. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಬಯಲಾಯ್ತು. ಬೆಲ್ಲ ಕಾಯಿಸೋ ಜಾಗದಲ್ಲಿ! ಆಗ ಯಾರೂ ನಗಲಿಲ್ಲ.

ಕೊರಿಯಾ ಇದೇ ದಾರಿಯಲ್ಲಿ ನಮಗಿಂತ ಮುಂಚೆ ನಡೆದ ದೇಶ, ಇದು ಸೀರಿಯಲಲ್ಲಿ ಬರೋದಿಲ್ಲ. 1990ರಲ್ಲಿ ಅಲ್ಲಿ 100 ಹೆಣ್ಣುಮಕ್ಕಳಿಗೆ 116 ಗಂಡುಮಕ್ಕಳು ಹುಟ್ಟುತ್ತಿದ್ದರು. ಸಹಜವಾಗಿ ಇರಬೇಕಾದ್ದು 105ರ ಆಸುಪಾಸು. ಹುಡುಗಿಯರು ಸೋಲ್‌ಗೆ ಹೋದರು, ಹಳ್ಳಿಯ ಗಂಡುಗಳು ಉಳಿದರು. 2005ರಲ್ಲಿ ಮದುವೆಯಾದ ಅಲ್ಲಿನ ರೈತ, ಮೀನುಗಾರ ಗಂಡಸರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನ ವಿಯೆಟ್ನಾಂನಂಥ ಹೊರದೇಶಗಳಿಂದ ಹೆಣ್ಣು ತಂದವರು. ಭ್ರೂಣದ ಲಿಂಗ ಹೇಳಬಾರದು ಅಂತ 1987ರಲ್ಲೇ ಕಾನೂನು ಮಾಡಿದ್ದರು, ನಮ್ಮದು 1994ರದ್ದು. ಬರೀ ಕಾನೂನಿನಿಂದ ಆಗಲಿಲ್ಲ. ಹೆಣ್ಣುಮಕ್ಕಳು ಓದಿದರು, ದುಡಿದರು, ಆಸ್ತಿಯಲ್ಲಿ ಪಾಲು ಬಂತು. ಮನೆಯ ಯಜಮಾನ ಗಂಡಸೇ ಆಗಿರಬೇಕು ಅನ್ನುತ್ತಿದ್ದ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ 2005ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು, 2008ಕ್ಕೆ ಅದು ಹೋಯಿತು. ಅಷ್ಟು ಹೊತ್ತಿಗೆ ಹುಟ್ಟುವ ಮಕ್ಕಳ ಲೆಕ್ಕ ಸರಿಯಾಗಿತ್ತು. 2024ರಲ್ಲಿ ಲಿಂಗ ಹೇಳಬಾರದೆಂಬ ನಿಷೇಧವನ್ನೇ ಕೋರ್ಟ್ ತೆಗೆದುಹಾಕಿತು. ಹಳ್ಳಿಗಳಿಗೆ ಮಾತ್ರ ಯುವಕರು ವಾಪಸ್ ಬರಲಿಲ್ಲ. ಗೋಂಗ್ಜಿನ್‌ನಂಥ ಊರಿಗೆ ಡಾಕ್ಟರಮ್ಮ ತಾನಾಗಿ ಬರೋದು ಕೊರಿಯನ್ನರಿಗೂ ಕನಸೇ.

ಈಗ ದು-ಶಿಕ್‌ನ ಆದಿಚುಂಚನಗಿರಿ ಸಮಾವೇಶಕ್ಕೆ ಕರ್ಕೊಂಡು ಬನ್ನಿ. ಅಪ್ಪ-ಅಮ್ಮ ಇಲ್ಲ. ಖಾಯಂ ಕೆಲಸ ಇಲ್ಲ. ಗಂಟೆ ಲೆಕ್ಕದ ಕೂಲಿ. ಐದು ವರ್ಷ ಎಲ್ಲಿದ್ದ ಅಂತ ಊರಿಗೇ ಗೊತ್ತಿಲ್ಲ. ನಮ್ಮ ಯಾವ ಹೆಣ್ಣಿನ ಅಪ್ಪ ಅವನ ಅರ್ಜಿ ತಿರುಗಿ ನೋಡ್ತಾನೆ? ನೋಡಲ್ಲ. ಆದ್ರೆ ಹೇ-ಜಿನ್ ಒಪ್ಪುತ್ತಾಳೆ. ಯಾಕೆ ಒಪ್ಪಬಲ್ಲಳು? ಅನ್ನಕ್ಕೆ ಅವನ ಮೇಲೆ ನಿಂತಿಲ್ಲ, ಕ್ಲಿನಿಕ್ ಅವಳದ್ದು. ಅವನು ಅಡುಗೆ ಮಾಡ್ತಾನೆ, ಪಾತ್ರೆ ತೊಳೀತಾನೆ, ಅವಳು ಮಾತಾಡುವಾಗ ಬಾಯಿ ಮುಚ್ಕೊಂಡು ಕೇಳ್ತಾನೆ. ಇನ್ನೊಂದು ವಿಷಯ ನಮ್ಮ ಗಂಡುಮಕ್ಕಳ ಕಣ್ಣಿಗೆ ಬೀಳಲ್ಲ: ಅವಳು ಆ ಹಳ್ಳಿಗೆ ಬಂದಿದ್ದು ಯಾರ ಸೊಸೆಯಾಗಿಯೂ ಅಲ್ಲ. ನಾಲ್ಕಕ್ಕೆ ಎದ್ದು ಹಸು ಕರೆಯೋ ಷರತ್ತಿಲ್ಲ, ‘ಓದಿದ್ದು ಸಾಕು, ಕೆಲಸ ಬೇಡ’ ಅನ್ನೋ ಮಾತಿಲ್ಲ. ಊರಿನ ಕಡಲು, ಅಜ್ಜಿಯರು, ಸಂತೆ, ಹರಟೆ, ಎಲ್ಲ ಸಿಕ್ಕಿತು. ಸೆರಗು ಹೊದ್ದು ಒಳಗೆ ನಿಲ್ಲೋದು ಮಾತ್ರ ಸಿಗಲಿಲ್ಲ.

ಬಸ್ಸಿನ ಹುಡುಗಿಯರು ನಕ್ಕು ಹೇಳದೆ ಬಿಟ್ಟಿದ್ದು ಇದನ್ನೇ ಅಂತ ನನ್ನ ಅಂದಾಜು. ಹಳ್ಳಿ ಹೆಣ್ಣುಮಕ್ಕಳಿಗೆ ಹಳ್ಳಿ ಬೇಡ, ಬೆಂಗಳೂರಿನ ಗಂಡೇ ಬೇಕು ಅಂತ ನಮ್ಮ ಕಟ್ಟೆಗಳಲ್ಲಿ ದಿನಾ ಬೈಗುಳ. ಹಳ್ಳಿ ಬೇಡದವರು ಹದಿನಾರು ಗಂಟೆ ಕೂತು ಮೀನಿನ ಸಂತೆ, ಮುದುಕಿಯರ ಜಗಳ ನೋಡ್ತಾರಾ? ಎರಡು ಎಕರೆ ಇದೆ, ಟ್ರ್ಯಾಕ್ಟರ್ ಇದೆ ಅಂತ ಗಂಡಿನ ಕಡೆಯವರು ಹೇಳ್ತಾರೆ. ಮದುವೆ ಆದ್ಮೇಲೆ ಅವಳು ಬೆಳಗಿನ ಅದೇ ಬಸ್ ಹತ್ತಿ ಕೆ.ಆರ್. ಪೇಟೆಗೆ ಕೆಲಸಕ್ಕೆ ಹೋಗಬಹುದಾ ಅನ್ನೋದನ್ನ ಹುಡುಗಿ ಒಳಗೆ ನಿಂತು ಕೇಳಿಸ್ಕೊಳ್ತಿರ್ತಾಳೆ, ಅದನ್ನ ಯಾರೂ ಹೇಳೋದಿಲ್ಲ.